ಎದುರು ಕುರ್ಚಿಯಲ್ಲಿ ಮಾರ್ಗರೆಟ್

ಮುದ್ದೇಬಿಹಾಳ ಬಸ್‌ಸ್ಟ್ಯಾಂಡ್

ಸೂಟ್‌ಕೇಸಿನಲ್ಲಿ ವಿಜಯನಗರದ ಸೈನ್ಯವಿತ್ತು, ಹೆಗಲ ಚೀಲದಲ್ಲಿ ಸುಲ್ತಾನರ ಸೈನ್ಯ. ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬಲು ನನಗೆ ಮನಸ್ಸು ಬಂದಿರಲಿಲ್ಲ. ಕಂಡಕ್ಟರ್ ಸೂಟ್‌ಕೇಸಿಗೆ ಕೈ ಹಾಕಿ ಡಿಕ್ಕಿಗೆ ತಳ್ಳಲು ಹೊರಟಾಗ ಹೌಹಾರಿ ಅಡ್ಡ ನಿಂತೆ.

"ಏನೈತ್ರಿ ಇದರಾಗ, ಇಷ್ಟ್ಯಾಕ ಜೀವಾ ಬಿಡಾಕತ್ತೀರಿ?" ಎಂದು ಆತ ಕೇಳಿದ.

"ಆನಿ ಅದಾವಪಾ. ಕುದುರಿನೂ ಅದಾವು."

"ಹಂಗಾರ ಬಾಜೂಕ ಕುಂದರಿಸ್ಕೋರಿ. ಲದ್ದಿ ಹಾಕಿದ್ರ ಮಾತ್ರ ನೀವ ಬಳೀಬೇಕು."

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಇಂಗ್ಲೆಂಡಿಗೆ ಹೊರಟವನಿಗೆ ಅವತ್ತು ಯಾವುದಕ್ಕೂ ಸಿಟ್ಟು ಬರುವಂತಿರಲಿಲ್ಲ.

ನನ್ನ ಹುಚ್ಚು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮುದ್ದೇಬಿಹಾಳದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿ ಮುಚ್ಚಿದ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಸೈನಿಕರನ್ನು ಮಣ್ಣಿನಲ್ಲಿ ಮಾಡುತ್ತೇನೆ. ಸಿಂದಗಿ ಕಡೆಯ ಕುಂಬಾರರೊಬ್ಬರ ಆವಿಗೆಯಲ್ಲಿ ಅವನ್ನು ಸುಡಿಸಿ, ಬಣ್ಣ ಬಳಿದು, ದೊಡ್ಡ ಮೇಜಿನ ಮೇಲೆ ನಿಲ್ಲಿಸಿ ಹಳೆಯ ಯುದ್ಧವೊಂದನ್ನು ಮತ್ತೆ ಆಡುತ್ತೇನೆ. ಇದು ಹತ್ತಿದ್ದು ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ. ಎಲ್ಲರ ಮನೆಯಲ್ಲೂ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜೆಗಿಟ್ಟರೆ, ನಾನು ಎತ್ತಿನ ಬೆನ್ನ ಮೇಲೆ ಭರ್ಚಿ ಹಿಡಿದ ಸವಾರನನ್ನು ಕೂರಿಸಿದ್ದೆ. ಅವ್ವ ಬೆನ್ನಿಗೆ ಒಂದು ಕೊಟ್ಟಳು. ಸವಾರನನ್ನು ಇಳಿಸಿದೆ, ಆದರೆ ಎಸೆಯಲಿಲ್ಲ.

ಆಟ ಕಷ್ಟದ್ದೇನಲ್ಲ. ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರ ಸರದಿ. ಯಾವ ದಂಡು ಎಷ್ಟು ದೂರ ನಡೆಯಬಹುದು ಎಂದು ಟೇಪು ಹಿಡಿದು ಅಳೆಯಬೇಕು. ಎರಡು ದಂಡು ಎದುರಾದರೆ ಹೊರದೇಶದ ಆಟಗಾರರು ದಾಳ ಎಸೆಯುತ್ತಾರೆ, ನಾನು ಕವಡೆ ಎಸೆಯುತ್ತೇನೆ. ಕಷ್ಟವೆಂದರೆ ಒಂದೇ, ಇದಕ್ಕೆ ಇಬ್ಬರು ಬೇಕು. ಇಂಡಿಯಿಂದ ಸಿಂದಗಿಯವರೆಗೆ, ಬಸವನ ಬಾಗೇವಾಡಿಯಿಂದ ತಾಳಿಕೋಟೆಯವರೆಗೆ ಆ ಎರಡನೆಯವರನ್ನು ಹುಡುಕಿದ್ದೇನೆ. ಬಾಗೇವಾಡಿಯ ಗೆಳೆಯನೊಬ್ಬ, "ಸಣ್ಣ ಹುಡುಗರ ಆಟ ಹೊತಗೊಂಡು ತಿರುಗಾಕತ್ತಿಯಲ್ಲೋ, ನಾಚಿಕಿ ಬರೂದಿಲ್ಲೇನು?" ಎಂದ. ಸಿಂದಗಿಯಿಂದ ಒಬ್ಬ ಮೇಷ್ಟ್ರು ಒಮ್ಮೆ ಬಂದು ಕೂತರು. ಅರ್ಧ ಆಟಕ್ಕೆ ಫೋನು ನೋಡಿ, "ಕ್ರಿಕೆಟ್ ಚಾಲೂ ಆತ್ರಿ" ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ. ಅವರ ಕುದುರೆ ದಂಡು ಎಷ್ಟೋ ದಿನ ಮೇಜಿನ ಮೇಲಿನ ಹೊಳೆಯ ದಂಡೆಯಲ್ಲಿ ಹಾಗೇ ನಿಂತಿತ್ತು.

ಹೀಗಾಗಿ ಎರಡೂ ಕಡೆ ನಾನೇ. ಈ ಕಡೆಯ ಸರದಿ ಮುಗಿಸಿ, ಎದ್ದು, ಮೇಜು ಸುತ್ತಿ ಹೋಗಿ ಆ ಕಡೆ ಕೂರುವುದು. ಆ ಕಡೆಯದು ಮುಗಿಸಿ ಈ ಕಡೆ ಬರುವುದು. ನನ್ನ ಹೆಂಡತಿ ಸುವರ್ಣಾ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಯಾರು ಗೆದ್ರು?"

"ನಾನೇ."

"ಯಾರು ಸೋತ್ರು?"

"ನಾನೇ."

"ಹಂಗಾರ ಇಬ್ಬರೂ ಕೂಡಿ ಉಣ್ಣಾಕ ಬರ್ರಿ."

ಮದುವೆಯಾದಾಗಿನಿಂದ ಇದು ನಮ್ಮ ಮನೆಯ ಮಾತು. ಚೇಷ್ಟೆ ಮಾಡುತ್ತಾಳೆ, ಆದರೆ ಸೋಮವಾರಕ್ಕೊಮ್ಮೆ ಮೇಜಿನ ಧೂಳು ಒರೆಸುವವಳು ಅವಳೇ. ಒಂದೊಂದೇ ಸೈನಿಕನನ್ನು ಎತ್ತಿ, ಒರೆಸಿ, ಇದ್ದಲ್ಲೇ ಇಡುತ್ತಾಳೆ.

ನಾನು ಅಂತರ್ಜಾಲದಲ್ಲಿ ಹಾಕಿದ್ದ ಚಿತ್ರಗಳನ್ನು ನೋಡಿ ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿ ಇದೇ ಆಟ ಆಡುವ ಸಂಘದವರು ಬರೆದರು. ಅವರ ವಾರ್ಷಿಕ ಪ್ರದರ್ಶನಕ್ಕೆ ಬಂದು ನನ್ನ ತಾಳಿಕೋಟೆ ಯುದ್ಧವನ್ನು ಹೂಡಬೇಕಂತೆ. ಕೊನೆಯ ಸಾಲಿನಲ್ಲಿ, "ನಿಮ್ಮೆದುರು ಆಡಲು ಒಬ್ಬರನ್ನು ಗೊತ್ತು ಮಾಡಿದ್ದೇವೆ" ಎಂದಿತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ. ವಯಸ್ಸು ಐವತ್ತು ದಾಟಿದೆ, ಕಣ್ಣು ಮಂಜಾಗುತ್ತಿದೆ. ಜೀವಮಾನವಿಡೀ ನಾನು ಆಡಿದ್ದು ಆಟವೋ ಬರೀ ಹುಚ್ಚೋ ಎಂದು ನನಗೆ ತಿಳಿಯಬೇಕಿತ್ತು.

ಹೊರಡುವ ದಿನ ಸುವರ್ಣಾ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಇಂಡಿಯ ತವರಿನಿಂದ ಬಂದ ನಿಂಬೆ ಉಪ್ಪಿನಕಾಯಿ ಎಲ್ಲ ಕಟ್ಟಿದಳು. "ಗೆದ್ದು ಬರ್ರಿ" ಎಂದಳು.

"ಗೆಲ್ಲೂದು ಇರ್ಲಿ ಬಿಡು. ಎದುರಿಗೆ ಒಬ್ಬರು ಕುಂದರತಾರಲ್ಲ, ಅಷ್ಟಾದ್ರ ಸಾಕು."

"ಅವರೂ ಸಿಂದಗಿ ಮಾಸ್ತರ ಹಂಗ ಅರ್ಧಕ್ಕ ಎದ್ದು ಹ್ವಾದ್ರ?"

ತಮಾಷೆಗೆ ಅಂದಳು. ಮುಂಬಯಿ ಮುಟ್ಟುವವರೆಗೂ, ವಿಮಾನ ಮೋಡದ ಮೇಲೆ ಹೋದ ಮೇಲೂ ಆ ಮಾತು ನನ್ನ ಬೆನ್ನು ಬಿಡಲಿಲ್ಲ.

ವಿಮಾನ ನಿಲ್ದಾಣದ ಸ್ಟೀಲಿನ ಮೇಜು

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಅಲ್ಲಿಯವರು ಆಡಿದ್ದೆಲ್ಲ ಇಂಗ್ಲಿಷು. ನನಗೆ ತಿಳಿದಷ್ಟನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತಪಾಸಣೆಯ ಹುಡುಗಿ ನೀಲಿ ಗವಸು ತೊಟ್ಟು ನನ್ನ ಸೂಟ್‌ಕೇಸ್ ತೆರೆದಳು. ಸುವರ್ಣಾಳ ಹಳೆಯ ರವಿಕೆಯ ತುಂಡುಗಳಲ್ಲಿ ಸುತ್ತಿದ್ದ ಸೈನಿಕರನ್ನು ಒಂದೊಂದಾಗಿ ಬಿಚ್ಚಿದಳು. ಆನೆ ಹೊರಬಂದಾಗ ಅವಳ ಮುಖ ಅರಳಿತು. "ಇದನ್ನು ನೀವು ಮಾಡಿದ್ದಾ?" ಎಂದು ಕೇಳಿ ಪಕ್ಕದವನನ್ನೂ ಕರೆದು ತೋರಿಸಿದಳು. ನಾನು ಉಬ್ಬಿಹೋದೆ. ಇದು ಒಂಟೆಯ ಮೇಲಿನ ಸಣ್ಣ ತೋಪು ಜಂಬೂರಿ, ಇದು ದೊಡ್ಡ ತೋಪು, ಇವನು ಬಿಲ್ಲಿನವನು ಎಂದು ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಅವಳ ಕೈಗೆ ತಳದಲ್ಲಿದ್ದ ಚೀಲ ಸಿಕ್ಕಿತು.

"ಇದೇನು?"

"ಮಣ್ಣು. ನಮ್ಮೂರಿನದು."

"ಯಾತಕ್ಕೆ?"

"ಮೇಜಿನ ಮೇಲೆ ಹಾಸುವುದಕ್ಕೆ. ಯುದ್ಧ ಆದದ್ದು ಇಂಥ ಮಣ್ಣಿನ ಮೇಲೆ."

ಮಣ್ಣು ದೇಶದೊಳಗೆ ಬರುವಂತಿಲ್ಲ ಎಂದಳು. ಹುಳ ಇರಬಹುದು, ರೋಗ ಇರಬಹುದು. ನಾನು ವಾದಕ್ಕೆ ನಿಂತೆ. ಈ ಸೈನಿಕರೂ ಅದೇ ಹೊಲದ ಮಣ್ಣೇ, ಅವರನ್ನು ಬಿಡುತ್ತೀರಿ, ಅವರ ನೆಲವನ್ನು ಬಿಡುವುದಿಲ್ಲ, ಇದ್ಯಾವ ನ್ಯಾಯ ಎಂದೆ. ಅವಳು ತಾಳ್ಮೆಯಿಂದ, "ಅವರು ಬೆಂಕಿ ದಾಟಿ ಬಂದಿದ್ದಾರೆ" ಎಂದಳು.

ನಮ್ಮಲ್ಲಿ ಮಳೆಗಾಲಕ್ಕೆ ಎರೆಹೊಲಕ್ಕೆ ಇಳಿದರೆ ಮಣ್ಣು ಚಪ್ಪಲಿಗೆ ಅಂಟಿ ಮೊಣಕಾಲಿನವರೆಗೆ ಬರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಅದನ್ನು ಇಲ್ಲಿ ಎರಡು ಬೆರಳಲ್ಲಿ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿದರು. "ಸಾರಿ" ಎಂದಳು ಹುಡುಗಿ. ಆ ದೇಶದಲ್ಲಿ ನಾನು ಕೇಳಿದ ಮೊದಲ ಸಾರಿ ಅದು. ಆಮೇಲೆ ನಾನೇ ಅವರ ಕಾಲು ತುಳಿದಾಗಲೂ ಅವರೇ ಸಾರಿ ಅನ್ನುವುದನ್ನು ಕಂಡು ಲೆಕ್ಕ ಬಿಟ್ಟೆ.

ಸಭಾಂಗಣ, ಮೇಜು ಹೂಡುವ ದಿನ

ಸಂಘದ ಕಾರ್ಯದರ್ಶಿ ಆಲನ್ ಎಂಬ ಉದ್ದನೆಯ ಮನುಷ್ಯ ನನ್ನನ್ನು ಕರೆದುಕೊಂಡು ಹೋದ. ಪ್ರದರ್ಶನ ನಡೆಯುವುದು ಊರಿನ ಆಟದ ಸಭಾಂಗಣದಲ್ಲಿ. ಬಾಗಿಲು ದೂಡಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಕಣ್ಣು ಹಾಯುವಷ್ಟು ದೂರ ಮೇಜುಗಳು. ಒಂದರ ಮೇಲೆ ಹಿಮ ಬಿದ್ದ ಕಾಡು, ಒಂದರ ಮೇಲೆ ಮರುಭೂಮಿ, ಇನ್ನೊಂದರ ಮೇಲೆ ಇಡೀ ಸಮುದ್ರ ಮತ್ತು ಹಾಯಿ ಹರಿದ ಹಡಗುಗಳು. ಎಲ್ಲದರ ಮೇಲೂ ಹೆಬ್ಬೆರಳಿನ ಮನುಷ್ಯರು. ಎಲ್ಲದರ ಸುತ್ತ ನನ್ನಂಥವರೇ, ನರೆತವರು, ಬೊಜ್ಜು ಬಂದವರು, ಕನ್ನಡಕವನ್ನು ಹಣೆಗೇರಿಸಿದವರು, ಉಗುರಲ್ಲಿ ಬಣ್ಣ ಸಿಕ್ಕವರು. ನಾನು ನನ್ನ ಉಗುರು ನೋಡಿಕೊಂಡೆ. ಅಳು ಬಂತು, ನಿಜ ಹೇಳುತ್ತೇನೆ. ಇಷ್ಟು ಜನ ಇದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅವರ ರೀತಿಯೇ ಬೇರೆ. ಯಾರೂ ಯಾವುದನ್ನೂ ಮುಟ್ಟುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗರ್ಭಗುಡಿಯ ಮುಂದೆ ನಿಂತವರ ಹಾಗೆ ಬಾಗಿ ನೋಡುತ್ತಾರೆ. ತಾಳಿಕೋಟೆ ಸಂತೆಯಲ್ಲಿ ಬದನೆಕಾಯಿಯನ್ನು ಕೂಡ ನಾಲ್ಕು ಸಲ ಹಿಚುಕದೆ ಕೊಳ್ಳದ ನನಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೇಬಿನಲ್ಲಿಟ್ಟುಕೊಂಡೆ.

ಆಲನ್ ನನ್ನ ಮೇಜು ತೋರಿಸಿದ. ಪ್ರೀತಿಯಿಂದ ಸಿದ್ಧ ಮಾಡಿದ್ದರು ಪಾಪ. ತುಂಬ ಹಸಿರು ಹುಲ್ಲು ಹಾಸಿದ್ದರು, ಅಂಚಿಗೆ ಪುಟ್ಟ ಪೊದೆಗಳ ಬೇಲಿ.

"ಚೆನ್ನಾಗಿದೆಯಾ?" ಎಂದ.

"ಚೆನ್ನಾಗಿದೆ. ಆದರೆ ಇದು ನಿಮ್ಮೂರು" ಎಂದೆ.

ಜೋಳದ ಕೊಯ್ಲು ನಡೆಯುವ ಚಳಿಗಾಲದಲ್ಲಿ ಆದ ಯುದ್ಧ ಅದು, ಆಗ ನಮ್ಮ ನೆಲ ಕಪ್ಪಗೆ ಬಿರುಕು ಬಿಟ್ಟಿರುತ್ತದೆ ಎಂದು ಕೈ ಬಾಯಿ ಎರಡರಿಂದಲೂ ವಿವರಿಸಿದೆ. ಆಲನ್ ತಲೆ ಕೆರೆದುಕೊಂಡ. ಮರುದಿನ ಬೆಳಿಗ್ಗೆ ಆಟ. ನೆಲವಿಲ್ಲದೆ ಯುದ್ಧ ಹೂಡುವುದೆಂದರೆ ನನಗಾಗುವುದಿಲ್ಲ. ಏನು ಮಾಡಲಿ ಎಂದು ಕಾಫಿ ಕೌಂಟರಿನ ಮುಂದೆ ತಲೆಗೆ ಕೈ ಹೊತ್ತು ಕೂತಿದ್ದಾಗ, ಅಲ್ಲಿಯ ಹೆಂಗಸು ಯಂತ್ರದಿಂದ ಕಾಫಿಚರಟ ಕುಟ್ಟಿ ತೆಗೆದು ಬಕೆಟ್ಟಿಗೆ ಹಾಕಿದಳು. ಕಪ್ಪು, ಹುಡಿಹುಡಿ, ಹಸಿ. ನಾನು ದಡಕ್ಕನೆ ಎದ್ದೆ.

"ಅದನ್ನು ನನಗೆ ಕೊಡುತ್ತೀರಾ?"

"ಇದನ್ನಾ? ಎಷ್ಟು ಬೇಕು?"

"ಎಲ್ಲಾ."

ಅವಳ ಒಲೆಯಲ್ಲೇ ಒಣಗಿಸಿ, ಹುಲ್ಲು ಕಿತ್ತು ಅಂಟು ಬಳಿದು ಉದುರಿಸಿದೆವು. ಆಲನ್ ತೋಳು ಮಡಚಿಕೊಂಡು ಕೂಡಿದ. ದಾರಿಯಲ್ಲಿ ಪುಡಿಯಾಗಿದ್ದ ಕಟಕ್ ರೊಟ್ಟಿಯನ್ನು ಇನ್ನಷ್ಟು ಪುಡಿ ಮಾಡಿ ಕೊಯ್ದ ಹೊಲದ ಕೂಳೆಯಾಗಿಸಿದೆ. ಕ್ಯಾನ್ವಾಸಿನ ಮೇಲೆ ಬರೆದು ಸುರುಳಿ ಸುತ್ತಿ ತಂದಿದ್ದ ಕೃಷ್ಣೆಯನ್ನು ನಡುವೆ ಬಿಚ್ಚಿ ಹಾಸಿದೆ. ಆಲನ್ ಹಿಂದೆ ಸರಿದು ನೋಡಿ, "ನಿಮ್ಮ ಊರು ಕಾಫಿಯ ವಾಸನೆ ಹೊಡೆಯುತ್ತದಾ?" ಎಂದ. "ಇಲ್ಲ, ಇಷ್ಟು ಒಳ್ಳೆಯ ವಾಸನೆ ಇಲ್ಲ" ಎಂದೆ.

ಎರಡನೆಯ ದಿನ, ಹೊಳೆಯ ಎರಡು ದಂಡೆ

ನನ್ನೆದುರು ಆಡಲು ಗೊತ್ತು ಮಾಡಿದ್ದ ಮಾರ್ಗರೆಟ್ ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಅಜ್ಜಿ, ಬಿಳಿ ಕ್ರಾಪು, ಬಗಲಲ್ಲಿ ತನ್ನದೇ ಒಂದು ದಿಂಬು. ಹೊಳೆಯ ಉತ್ತರದ ಕುರ್ಚಿಗೆ ದಿಂಬು ಹಾಕಿ ಕೂತಳು. ನನ್ನೆದುರು. ನನ್ನ ಮೇಜಿಗೆ ಎದುರಾಗಿ ಮನುಷ್ಯರ ಮುಖ ಕಂಡು ಎಷ್ಟೋ ವರ್ಷವಾಗಿತ್ತು.

ಯುದ್ಧ ಸರಿಯಾಗಿ ಯಾವ ಜಾಗದಲ್ಲಾಯಿತು ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ. ನನ್ನ ಮೇಜಿನ ಮೇಲೆ ಅದು ಹೀಗೆ: ಸುಲ್ತಾನರು ತಾಳಿಕೋಟೆ ಕಡೆಯಿಂದ ಬಂದು ಹೊಳೆ ದಾಟಬೇಕು, ವಿಜಯನಗರದವರು ಆಚೆ ದಂಡೆಯಲ್ಲಿ ತಡೆಯಬೇಕು. ಮಾರ್ಗರೆಟ್ ಸುಲ್ತಾನರು, ನಾನು ವಿಜಯನಗರ. ನಿಯಮ ಹೇಳಿದೆ. ಹೊಳೆಯಲ್ಲಿ ಕಡುನೀಲಿ ಇದ್ದಲ್ಲಿ ಮುಳುಗುವಷ್ಟು ನೀರು, ತಿಳಿನೀಲಿ ಇದ್ದಲ್ಲಿ ಮೊಣಕಾಲುದ್ದ. ಕವಡೆ ಬೋರಲು ಬಿದ್ದರೆ ಏಟು ತಾಗಲಿಲ್ಲ, ಅಂಗಾತ ಬಿದ್ದರೆ ತಾಗಿತು. ಅವಳು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, "ದಾಳಕ್ಕಿಂತ ಇದರ ಸದ್ದು ಚೆಂದ" ಎಂದಳು.

ಮೊದಲ ಸರದಿ ನನ್ನದು. ಆನೆಗಳನ್ನು ಮುಂದೆ ತಂದೆ, ತೋಪು ತಿರುಗಿಸಿದೆ, ಮುಗಿಯಿತು ಎಂದೆ. ಎದ್ದೆ. ಮೇಜು ಸುತ್ತಿ ಹೋಗಿ ಮಾರ್ಗರೆಟ್ ಪಕ್ಕದಲ್ಲಿ ನಿಂತು ಅವಳ ಕುದುರೆ ದಂಡನ್ನು ಎರಡು ಗೇಣು ಮುಂದೆ ಸರಿಸಿದೆ.

ಸುತ್ತ ನಿಂತಿದ್ದವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಲ್ಲಿ ಇನ್ನೊಬ್ಬರ ಸೈನಿಕನನ್ನು ಮುಟ್ಟುವುದೆಂದರೆ ಇನ್ನೊಬ್ಬರ ತಾಟಿಗೆ ಕೈ ಹಾಕಿದ ಹಾಗೆ. ಮಾರ್ಗರೆಟ್ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ನಾನು ಸಾರಿ ಸಾರಿ ಎನ್ನುತ್ತ ಓಡಿ ನನ್ನ ಕುರ್ಚಿಗೆ ಬಂದೆ. ಎರಡನೆಯ ಸರದಿ ಮುಗಿಯಿತು. ಕಾಲುಗಳು ಮತ್ತೆ ತಾವೇ ಎದ್ದವು. ಅರ್ಧ ದಾರಿಯಲ್ಲಿ ಎಚ್ಚರಾಯಿತು.

"ನಿಮಗೆ ನನ್ನ ಕುರ್ಚಿ ಬೇಕಾ?" ಎಂದಳು.

ಹೇಳಿಬಿಟ್ಟೆ. ನಮ್ಮೂರಲ್ಲಿ ಇದನ್ನು ಆಡುವವರು ಯಾರೂ ಇಲ್ಲ, ಯಾವತ್ತೂ ಎರಡೂ ಕಡೆ ನಾನೇ, ಕಾಲಿಗೆ ಅದೇ ರೂಢಿ ಎಂದೆ. ಹೇಳುವಾಗ ನಾಚಿಕೆಯಾಯಿತು. ಮಾರ್ಗರೆಟ್ ದಿಂಬು ಸರಿಮಾಡಿಕೊಂಡಳು.

"ಹಾಗಾದರೆ ಇವತ್ತು ನೀವು ಅಲ್ಲೇ ಕೂತಿರಿ" ಎಂದಳು. "ಈ ಕಡೆಯ ತಲೆನೋವು ನನಗಿರಲಿ."

ಆ ಮಾತಿನ ಮೇಲೆ ಕುರ್ಚಿಯ ಕೈಗಳನ್ನು ಹಿಡಿದು ಕೂತೆ. ಆಟ ಏರಿತು. ಜನ ಕೂಡಿದರು. ನಮ್ಮಲ್ಲಾದರೆ ಕಟ್ಟೆಯ ಮೇಲೆ ಪಗಡೆ ಆಡುವವನ ಬೆನ್ನ ಹಿಂದೆ ನಾಲ್ವರು ನಿಂತು, "ಏ, ಅದನ್ನ ನಡಸಬ್ಯಾಡೋ, ಸಾಯ್ತಿ" ಎಂದು ಕೂಗುತ್ತಿರುತ್ತಾರೆ. ಇಲ್ಲಿ ಅಷ್ಟು ಜನ ನಿಂತರೂ ಕವಡೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರಾದರೂ ಒಂದು ಬುದ್ಧಿಮಾತು ಹೇಳಬಾರದೇ ಅನ್ನಿಸಿತು.

ಮಾರ್ಗರೆಟ್ ನಾನು ಕಾದಿದ್ದ ಎರಡೂ ಕಡವುಗಳಲ್ಲಿ ದಾಟಲು ನೋಡಿದಳು. ಎರಡೂ ಕಡೆ ನನ್ನ ಆನೆಗಳು ಅಟ್ಟಿದವು. ಗೆಲ್ಲುತ್ತೇನೆ ಅನ್ನಿಸಿ ಮೈ ಬಿಸಿಯಾಯಿತು. ಆಗ ಅವಳು ದಿಂಬು ಪಕ್ಕಕ್ಕಿಟ್ಟು ಎದ್ದು ನಿಂತಳು.

ಬೇಸರ ಬಂತು ಇವಳಿಗೆ, ಹೊರಟಳು, ಸಿಂದಗಿ ಮೇಷ್ಟ್ರ ಕಥೆಯೇ ಇದೂ ಆಯಿತು ಎಂದುಕೊಂಡೆ. ಗೆಲುವೂ ಬೇಡ ಏನೂ ಬೇಡ, ಕೂತರೆ ಸಾಕು ಎಂದು ಬಾಯಿವರೆಗೆ ಬಂತು. ಅವಳು ಹೋಗಲಿಲ್ಲ. ಮೇಜಿನ ಅಂಚಿಗೆ ಬಂದು, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಾಗಿ, ನೆಲದ ಮಟ್ಟಕ್ಕೆ ಕಣ್ಣಿಟ್ಟು ಹೊಳೆಯ ಉದ್ದಕ್ಕೂ ನೋಡಿದಳು. ಹೊಳೆದಂಡೆಯ ನಮ್ಮ ತಂಗಡಗಿ ಹಳ್ಳಿ ಇರುವ ಜಾಗಕ್ಕೆ ಬೆರಳು ತೋರಿಸಿದಳು.

"ಇಲ್ಲಿ?"

"ಅಲ್ಲೆ ದಾಟಾಕ ಬರೂದಿಲ್ರಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಆಮೇಲೆ ಇಂಗ್ಲಿಷಿನಲ್ಲಿ, ಅಲ್ಲಿ ತುಂಬ ಆಳ ಎಂದೆ.

"ತಿಳಿನೀಲಿ ಇದೆಯಲ್ಲ."

ನೋಡಿದೆ. ತಿಳಿನೀಲಿಯೇ. ನನ್ನ ಕೈಯಿಂದಲೇ ಬಳಿದದ್ದು. ಅಣೆಕಟ್ಟು ಆಗುವ ಮುಂಚೆ ಬೇಸಿಗೆಗೆ ಅಲ್ಲಿ ಚಕ್ಕಡಿ ಹೂಡಿಕೊಂಡೇ ಹೊಳೆ ದಾಟುತ್ತಿದ್ದೆವು ಎಂದು ಅಜ್ಜ ಹೇಳಿದ್ದನ್ನು ನೆನೆದು ಬಳಿದಿದ್ದೆ. ಆದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಅಲ್ಲಿ ಹಿನ್ನೀರು ನಿಂತಿತ್ತು. ನಾನು ಕಂಡ ತಂಗಡಗಿಯ ಹೊಳೆ ಸಮುದ್ರದಂಥದ್ದು, ದೋಣಿಯಿಲ್ಲದೆ ಯಾರೂ ಇಳಿಯದದ್ದು. ಮೇಜಿನ ಮೇಲೆ ಅಜ್ಜನ ಹೊಳೆ ಬರೆದು, ಕಾವಲು ಕಾದದ್ದು ಮಾತ್ರ ನನ್ನ ಹೊಳೆಯನ್ನು. ಅಷ್ಟು ವರ್ಷ ಎರಡೂ ಕಡೆ ಕೂತು ಆಡಿದ್ದೇನೆ, ಒಂದು ಸಲವೂ ಅಲ್ಲಿ ಒಬ್ಬ ಸೈನಿಕನನ್ನು ಇಳಿಸಿರಲಿಲ್ಲ, ಒಬ್ಬನನ್ನು ಕಾವಲಿಗೆ ನಿಲ್ಲಿಸಿಯೂ ಇರಲಿಲ್ಲ.

ಮಾರ್ಗರೆಟ್ ಇಳಿಸಿದಳು. ಟೇಪು ಹಿಡಿದು ಅಳೆದು ಇಡೀ ಕುದುರೆ ದಂಡನ್ನು ನೀರಿಗೆ ನೂಕಿದಳು. ನನ್ನ ಆನೆಗಳು ಬೇರೆ ಕಡೆ ಮುಖ ಮಾಡಿ ನಿಂತಿದ್ದವು, ಬೆನ್ನ ಹಿಂದೆ ಅವಳ ಸವಾರರು ದಂಡೆ ಏರಿದರು. ನಾನು ಕವಡೆ ಎಸೆದೆ, ಎಲ್ಲವೂ ಬೋರಲು. ಜನರ ನಡುವಿನಿಂದ ಒಬ್ಬ ಮುದುಕ ಮೆಲ್ಲಗೆ "ಅಯ್ಯೋ ಪಾಪ" ಎನ್ನುವ ಅರ್ಥದ ಮಾತು ಆಡಿದ. ಇಡೀ ಬೆಳಿಗ್ಗೆ ಅಲ್ಲಿ ಕೇಳಿದ ಬುದ್ಧಿಮಾತು ಅದೊಂದೇ.

ಮನೆಯಲ್ಲಾದರೆ ಇಂಥ ಹೊತ್ತಿಗೆ ಎದ್ದು ಆ ಕಡೆ ಹೋಗಿ, ಗೆಲ್ಲುವವನ ಕೈಯಲ್ಲಿ ಒಂದು ದಡ್ಡ ನಡೆ ನಡೆಸಿ ಸೋಲುವವನನ್ನು ಉಳಿಸುತ್ತಿದ್ದೆ. ಇಲ್ಲಿ ಅದು ನನ್ನ ಕೈಲಿರಲಿಲ್ಲ. ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದಕ್ಕೇ ಖುಷಿಯಾಗುತ್ತಿತ್ತು. ಅವಳು ಮುಂದೇನು ಮಾಡುತ್ತಾಳೆ ಎಂದು ಜಾತ್ರೆಯ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತ ಹುಡುಗನ ಹಾಗೆ ಕಾಯುತ್ತಿದ್ದೆ. ಸೋತೆ. ಚೆನ್ನಾಗಿ, ಪೂರ್ತಿಯಾಗಿ ಸೋತೆ.

ಮಾರ್ಗರೆಟ್ ಕೈ ಚಾಚಿದಳು. ಜನ ಹಗುರಾಗಿ ಚಪ್ಪಾಳೆ ತಟ್ಟಿ, ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು. ಉಳಿದಿದ್ದ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಅವಳಿಗೆ ಕೊಟ್ಟೆ. ಕಟಕ್ಕೆಂದು ಮುರಿದು ತಿಂದಳು. ನಿಂಬೆ ಉಪ್ಪಿನಕಾಯಿಗೆ ಕಣ್ಣು ಮುಚ್ಚಿಕೊಂಡಳು, ಆದರೆ ಎರಡನೆಯ ಸಲವೂ ಹಾಕಿಸಿಕೊಂಡಳು.

"ನಾಳೆಯೂ ಪ್ರದರ್ಶನ ಇದೆ" ಎಂದಳು. "ನಾಳೆ ನಾನು ಆಚೆ ದಂಡೆಯಲ್ಲಿ ಕೂರಲಾ?"

ನಾನು ಬರೀ ತಲೆಯಾಡಿಸಿದೆ.

ಸಭಾಂಗಣದ ಹೊರಗಿನ ಬೆಂಚು

ಹೊರಗೆ ಸಣ್ಣ ಬಿಸಿಲಿತ್ತು. ಊರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಸುವರ್ಣಾಳಿಗೆ ಫೋನು ಹಚ್ಚಿದೆ. ಆರಾಮ ಅದೀರಿಲ್ಲೋ, ಚಳಿ ಭಾಳ ಐತೇನು ಎಂದು ಯಾವುದನ್ನೂ ಕೇಳದೆ ಮೊದಲಿಗೇ ಹಳೆಯ ಪ್ರಶ್ನೆ ಎಸೆದಳು.

"ಯಾರು ಗೆದ್ರು?"

"ಮಾರ್ಗರೆಟ್."

ಆ ಪ್ರಶ್ನೆಗೆ ಅವಳು ಕೇಳಿದ ಮೊದಲ ಬೇರೆ ಹೆಸರು ಅದು.

"ಯಾರು ಸೋತ್ರು?"

"ನಾನೇ. ನಾನೊಬ್ಬನೇ."

"ಎದ್ದು ಹೋಗಲಿಲ್ಲಾ ಆಕಿ?"

"ಇಲ್ಲ. ನಾಳೆ ಮತ್ತ ಬರತಾಳಂತ."

"ಸೋತು ಇಷ್ಟು ಖುಷಿ ಆಗಾಕತ್ತೀರಲ್ಲ, ಭಲೇ ಮನಶ್ಯಾ ಅದೀರಿ ಬಿಡ್ರಿ" ಎಂದು ನಕ್ಕಳು. ಆಮೇಲೆ, "ಎಲ್ಲಿಂದ ಬಂದು ಹೊಡದ್ಳು?" ಎಂದಳು.

ಯಾವತ್ತೂ ಕೇಳದ ಪ್ರಶ್ನೆ ಇದು. "ತಂಗಡಗಿ ಹತ್ರ ಹೊಳಿ ದಾಟಿ ಬಂದ್ಳು. ಅಲ್ಲೆ ದಾಟತಾರ ಅಂತ ನನಗ ತಲಿಗೇ ಬಂದಿರಲಿಲ್ಲ ನೋಡು" ಎಂದೆ.

"ಮತ್ತ ಇನ್ನೆಲ್ಲೆ ದಾಟಬೇಕು?" ಎಂದಳು ಸುವರ್ಣಾ. "ಅಲ್ಲೆ ತಿಳಿ ಬಣ್ಣ ಹಚ್ಚೀರಿ, ಒಬ್ಬನ್ನೂ ಕಾವಲಿಗೆ ನಿಲ್ಲಿಸಿಲ್ಲ. ಸೋಮವಾರಕ್ಕೊಮ್ಮೆ ಧೂಳಾ ಒರಸೂ ಮುಂದ ನೋಡತೇನಿ. ಇವರು ಹಿಂಗ ಯಾಕ ಬಿಟ್ಟಾರ ಅಂತೇನಿ."

ಫೋನು ಕಿವಿಗೆ ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳು ಮಡಚಿ ನಾನು ಹುಡುಕಿದ ಊರುಗಳನ್ನು ಎಣಿಸಿದೆ. ಇಂಡಿ, ಸಿಂದಗಿ, ಬಾಗೇವಾಡಿ, ತಾಳಿಕೋಟೆ, ಈಗ ಇಂಗ್ಲೆಂಡು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳನ್ನು ನಾನು ಕೂರು ಎಂದು ಒಮ್ಮೆಯೂ ಕರೆದಿರಲಿಲ್ಲ.

"ಸುವರ್ಣಾ, ನಾ ಬರೂದರಾಗ ಮೇಜಿನ ಆ ಕಡಿ ಒಂದು ಕುರ್ಚಿ ಹಾಕಿಡು."

"ಯಾರಿಗೆ?"

"ನಿನಗ."

ಅವಳು ಯೋಚಿಸುವ ಸದ್ದು ನನಗೆ ಗೊತ್ತು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡ ಹಾಗೆ ಕೇಳಿಸಿತು.

"ಹಾಕತೇನಿ" ಎಂದಳು. "ಆದ್ರ ನಾ ಎಲ್ಲೆ ದಾಟತೇನಿ ಅಂತ ನಿಮಗ ಹೇಳೂದಿಲ್ಲ."